ಕಾಲಿನ ಚಡಪಡಿಕೆಯೂ ಭಂಗಿಯೂ: ರೋಗಿಯ ಅನುಭವವನ್ನು ತೂಗುವ ಬಗೆ

ಜ್ವರ ಬಂದವನ ಮೈಬಿಸಿಯನ್ನು ಉಷ್ಣಮಾಪಕದಿಂದ ಅಳೆಯಬಹುದು. ಮುರಿದ ಎಲುಬನ್ನು ಕ್ಷ-ಕಿರಣದ ಚಿತ್ರದಲ್ಲಿ ಕಾಣಬಹುದು. ಆದರೆ ಎಲ್ಲ ಬೇನೆಗಳೂ ಹೀಗೆ ಉಪಕರಣಗಳಿಗೆ ಸಿಕ್ಕುವುದಿಲ್ಲ. ಕೆಲವಕ್ಕೆ ರೋಗಿಯ ಮಾತೇ ಮೊದಲ ಸಾಕ್ಷಿ. ಅಂಥ ಬೇನೆಯೊಂದು ಇಂಥ ಮದ್ದಿನಿಂದ ವಾಸಿಯಾಯಿತೆಂದು ರೋಗಿಯು ಹೇಳಿದರೆ ಆ ಮಾತಿಗೆ ನಾವು ಎಷ್ಟು ಬೆಲೆ ಕೊಡಬೇಕು? ಅದನ್ನು ಪೂರ್ತಿಯಾಗಿ ನಂಬಿ ಉಳಿದವರಿಗೂ ಅದೇ ಮದ್ದನ್ನು ಹೇಳಬಹುದೆ? ಅಥವಾ ಬರಿಯ ಭ್ರಮೆಯೆಂದು ತಳ್ಳಿಬಿಡಬಹುದೆ? ಈ ಪ್ರಶ್ನೆಯನ್ನು ಬಿಡಿಸಲು ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಬೇನೆಯು ಕಾಲಿನ ಚಡಪಡಿಕೆ. ಮದ್ದು ಭಂಗಿ, ಎಂದರೆ ಗಾಂಜಾ ಗಿಡ.

ಬೇನೆಯ ಸ್ವರೂಪ

ಧಾರವಾಡ ಜಿಲ್ಲೆಯ ಕಲಘಟಗಿ ತಾಲ್ಲೂಕಿನ ಮಿಶ್ರಿಕೋಟಿಯಂಥ ಊರಿನಲ್ಲಿ ಹಗಲೆಲ್ಲ ಹೊಲದಲ್ಲಿ ದುಡಿದ ಒಬ್ಬ ಹೆಣ್ಣುಮಗಳು ರಾತ್ರಿ ಹಾಸಿಗೆಗೆ ಬಂದಳೆಂದು ಭಾವಿಸೋಣ. ಮೈಯೆಲ್ಲ ದಣಿದಿದೆ, ಕಣ್ಣೆಳೆಯುತ್ತಿದೆ. ಆದರೆ ಕಾಲು ಚಾಚಿದೊಡನೆ ಮೀನಖಂಡದ ಒಳಗೆ ಏನೋ ಹರಿದಂತೆ, ಜಗ್ಗಿದಂತೆ ಆಗುತ್ತದೆ. “ಕಾಲಾಗ ಇರುವಿ ಹರದಾಡಿದಾಂಗ ಆಗತೈತಿ, ಎದ್ದು ಅಡ್ಡಾಡಿದ್ರ ಕಡಿಮಿ ಆಗತೈತಿ, ಮತ್ತ ಮಲಕೊಂಡ್ರ ಸುರು” ಎಂದು ಆಕೆ ಹೇಳಬಹುದು. ಮನೆಯವರು ಇದನ್ನು ದಣಿವೆಂದೋ ವಾತವೆಂದೋ ತಿಳಿದು ಎಣ್ಣೆ ತಿಕ್ಕಿ ಸುಮ್ಮನಾಗುವುದುಂಟು.

ಆಕೆಯ ಆ ಎರಡು ಮಾತುಗಳಲ್ಲಿಯೇ ವೈದ್ಯನಿಗೆ ಬೇಕಾದ ಲಕ್ಷಣಗಳೆಲ್ಲ ಹೆಚ್ಚುಕಡಿಮೆ ಅಡಗಿವೆ. ಅವು ಯಾವುವೆಂದರೆ: ಕಾಲನ್ನು ಆಡಿಸಲೇಬೇಕೆಂಬ ತಡೆಯಲಾಗದ ಒತ್ತಡ, ವಿಶ್ರಾಂತಿಯಲ್ಲಿ ಅದು ಹೆಚ್ಚುವುದು, ನಡೆದಾಡಿದರೆ ತಗ್ಗುವುದು, ಸಂಜೆ ಮತ್ತು ರಾತ್ರಿಯ ಹೊತ್ತು ಉಲ್ಬಣಿಸುವುದು. ಇವುಗಳಿಗೆ ಸ್ನಾಯುಸೆಳೆತ, ಸಂಧಿವಾತ ಮೊದಲಾದ ಬೇರೆ ಕಾರಣಗಳಿಲ್ಲವೆಂದು ಖಚಿತವಾದರೆ ರೋಗನಿರ್ಣಯವಾದಂತೆಯೇ. ಬೆಂಗಳೂರಿನ ನಗರವಾಸಿಗಳನ್ನು ಕುರಿತ ಒಂದು ಸಮೀಕ್ಷೆ ೨೦೦೭ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ನೂರಕ್ಕೆ ಸುಮಾರು ಇಬ್ಬರಿಗೆ, ಸರಿಯಾಗಿ ಹೇಳುವುದಾದರೆ ಶೇಕಡ ೨.೧ರಷ್ಟು ಜನಕ್ಕೆ, ಈ ಬೇನೆಯಿದ್ದಿತು.

ಬೇನೆಯು ಹೊಸದಲ್ಲ. ಇಂಗ್ಲೆಂಡಿನ ವೈದ್ಯ ಥಾಮಸ್ ವಿಲ್ಲಿಸ್ ೧೬೭೨ರಲ್ಲಿಯೇ ಇದನ್ನು ವರ್ಣಿಸಿದ್ದನು. ಸ್ವೀಡನ್ ದೇಶದ ಕಾರ್ಲ್-ಆಕ್ಸೆಲ್ ಎಕ್‌ಬೊಮ್ ೧೯೪೦ರ ದಶಕದ ಮಧ್ಯದಲ್ಲಿ ಅನೇಕ ರೋಗಿಗಳನ್ನು ವ್ಯವಸ್ಥಿತವಾಗಿ ಪರೀಕ್ಷಿಸಿ, ಅದಕ್ಕೆ ಇಂದು ರೂಢಿಯಲ್ಲಿರುವ ಹೆಸರನ್ನು ಕೊಟ್ಟನು. ಆದುದರಿಂದ ಇದನ್ನು ವಿಲ್ಲಿಸ್–ಎಕ್‌ಬೊಮ್ ವ್ಯಾಧಿ ಎಂದೂ ಕರೆಯುತ್ತಾರೆ.

ಕಬ್ಬಿಣವೂ ಡೋಪಮೀನೂ

ಬೇನೆಯು ಕಾಲಿನಲ್ಲಿ ತೋರಿದರೂ ಅದರ ಮೂಲವು ಬಹುಮಟ್ಟಿಗೆ ಮಿದುಳಿನಲ್ಲಿದೆ. ನರಕೋಶಗಳು ಒಂದಕ್ಕೊಂದು ಸಂದೇಶ ಕಳುಹಿಸಲು ಬಳಸುವ ರಾಸಾಯನಿಕಗಳಲ್ಲಿ ಡೋಪಮೀನ್ ಎಂಬುದು ಒಂದು. ಚಲನೆಯ ಹತೋಟಿಯಲ್ಲಿ ಅದರ ಪಾತ್ರವು ದೊಡ್ಡದು. ಡೋಪಮೀನ್ ತಯಾರಾಗುವ ಹಾದಿಯಲ್ಲಿ ಕೆಲಸ ಮಾಡುವ ಒಂದು ಕಿಣ್ವಕ್ಕೆ ಕಬ್ಬಿಣದ ನೆರವು ಬೇಕು. ಈ ರೋಗಿಗಳ ಮಿದುಳಿನ ಕೆಲವು ಭಾಗಗಳಲ್ಲಿ ಕಬ್ಬಿಣ ಕಡಿಮೆಯಿರುವುದು ಕಂಡುಬಂದಿದೆ. ರಕ್ತಹೀನತೆಯುಳ್ಳವರು, ಗರ್ಭಿಣಿಯರು, ಮೂತ್ರಪಿಂಡ ಕೆಟ್ಟವರು, ಇವರಲ್ಲಿ ಈ ಬೇನೆ ಹೆಚ್ಚಾಗಿ ಕಾಣುವುದಕ್ಕೂ ಕಬ್ಬಿಣಕ್ಕೂ ಸಂಬಂಧವುಂಟು. ವಂಶಪಾರಂಪರ್ಯದ ಪಾಲೂ ಇದೆ. ಇದಕ್ಕೆ ಸಂಬಂಧಿಸಿದ ಕೆಲವು ಜೀನುಗಳು ೨೦೦೭ರಲ್ಲಿ ಪತ್ತೆಯಾದುವು.

ಡೋಪಮೀನಿನ ಕೆಲಸವನ್ನು ಮಾಡುವ ಮದ್ದುಗಳ ಕಥೆ ನಮ್ಮ ಪ್ರಶ್ನೆಗೆ ಬಹಳ ಹತ್ತಿರವಾದುದು. ತುರ್ಕಿಯ ವೈದ್ಯ ಅಕ್‌ಪಿನಾರ್ ೧೯೮೨ರಲ್ಲಿ ಲೆವೊಡೋಪ ಎಂಬ ಮದ್ದು ಈ ಬೇನೆಗೆ ಗುಣಕಾರಿಯೆಂದು ತಿಳಿಸಿದನು. ಮುಂದೆ ಇದೇ ಜಾತಿಯ ರೋಪಿನಿರೋಲ್, ಪ್ರಾಮಿಪೆಕ್ಸೋಲ್ ಮೊದಲಾದುವು ಬಂದುವು. ಮೊದಲ ಕೆಲವು ವಾರಗಳಲ್ಲಿ ರೋಗಿಗಳ ಹರ್ಷಕ್ಕೆ ಎಣೆಯಿರಲಿಲ್ಲ. ಮರೆಪ್ರಯೋಗಗಳೂ ಅವರ ಮಾತನ್ನು ಸಮರ್ಥಿಸಿದುವು. ಆದರೆ ವರ್ಷಗಳು ಕಳೆದಂತೆ ಅನೇಕರಲ್ಲಿ ಬೇನೆಯು ಸಂಜೆಗೆ ಮೊದಲೇ ಆರಂಭವಾಗತೊಡಗಿತು. ಕಾಲಿನಿಂದ ತೋಳಿಗೂ ಹಬ್ಬಿತು. ಯಾವ ಮದ್ದು ಬೇನೆಯನ್ನು ಇಳಿಸಿತ್ತೋ ಅದೇ ಅದನ್ನು ಏರಿಸುತ್ತಿದ್ದಿತು. ಈ ಉಲ್ಬಣವು ೧೯೯೬ರಲ್ಲಿ ಸ್ಪಷ್ಟವಾಗಿ ವರದಿಯಾಯಿತು. ಅಮೆರಿಕದ ನಿದ್ರಾವೈದ್ಯರ ಸಂಸ್ಥೆಯು ೨೦೨೫ರಲ್ಲಿ ಪ್ರಕಟಿಸಿದ ಸೂಚನೆಗಳಲ್ಲಿ ಈ ಮದ್ದುಗಳನ್ನು ವಾಡಿಕೆಯಾಗಿ ಕೊಡಬಾರದೆಂದು ಹೇಳಿ, ಕಬ್ಬಿಣವನ್ನೂ ಗ್ಯಾಬಪೆಂಟಿನ್ ಜಾತಿಯ ಮದ್ದುಗಳನ್ನೂ ಮುಂದಕ್ಕೆ ತಂದಿದೆ.

ಇದರ ತಾತ್ಪರ್ಯವೇನು? ಮೊದಲ ತಿಂಗಳಲ್ಲಿ ರೋಗಿಗಳು ಹೇಳಿದ್ದು ಸುಳ್ಳಲ್ಲ. ಆದರೆ ಒಂದು ತಿಂಗಳ ಸತ್ಯವು ಹತ್ತು ವರ್ಷದ ಸತ್ಯವಾಗಲಿಲ್ಲ. ಇದನ್ನು ನೆನಪಿನಲ್ಲಿಟ್ಟುಕೊಂಡು ಭಂಗಿಯ ವಿಷಯಕ್ಕೆ ಬರೋಣ.

ಭಂಗಿಯ ಸಾಕ್ಷ್ಯ

ಭಂಗಿ ಗಿಡವು ನಮ್ಮ ನಾಡಿಗೆ ಅಪರಿಚಿತವಲ್ಲ. ಆಯುರ್ವೇದದಲ್ಲಿ ಅದಕ್ಕೆ ವಿಜಯಾ ಎಂಬ ಹೆಸರಿದೆ. ಯಾದಗಿರಿ ಜಿಲ್ಲೆಯ ತಿಂಥಣಿಯ ಮೌನೇಶ್ವರ ಜಾತ್ರೆಯಲ್ಲಿ ಅದನ್ನು ಪ್ರಸಾದವೆಂದು ಸ್ವೀಕರಿಸುವ ಪದ್ಧತಿಯನ್ನು ಕುರಿತು ೨೦೨೦ರಲ್ಲಿ ಪತ್ರಿಕೆಗಳು ಬರೆದಿದ್ದುವು. ಕಲ್ಕತ್ತೆಯ ವೈದ್ಯಕೀಯ ಕಾಲೇಜಿನಲ್ಲಿದ್ದ ವಿಲಿಯಂ ಓ’ಶಾಗ್ನೆಸಿ ೧೮೩೯ರ ಸುಮಾರಿಗೆ ಇದನ್ನು ಮೊದಲು ಪ್ರಾಣಿಗಳ ಮೇಲೂ ಆಮೇಲೆ ಧನುರ್ವಾಯು, ಸಂಧಿವಾತ ಮೊದಲಾದ ರೋಗಗಳುಳ್ಳವರ ಮೇಲೂ ಪ್ರಯೋಗಿಸಿ ಪಾಶ್ಚಾತ್ಯ ವೈದ್ಯಕ್ಕೆ ಪರಿಚಯಿಸಿದನು. ಬ್ರಿಟಿಷ್ ಸರ್ಕಾರವು ೧೮೯೩–೯೪ರಲ್ಲಿ ನೇಮಿಸಿದ ಆಯೋಗವು ೧,೧೯೩ ಸಾಕ್ಷಿಗಳ ಹೇಳಿಕೆಗಳನ್ನು ಪಡೆಯಿತು. ಮಿತವಾದ ಬಳಕೆಯಿಂದ ಹೆಚ್ಚಿನ ಕೇಡಿಲ್ಲವೆಂದು ಅದು ಅಭಿಪ್ರಾಯಪಟ್ಟಿತು. ಸಂಪೂರ್ಣ ನಿಷೇಧವನ್ನು ಅದು ಶಿಫಾರಸು ಮಾಡಲಿಲ್ಲ.

ಕಾಲಿನ ಚಡಪಡಿಕೆಗೆ ಭಂಗಿಯು ಮದ್ದೆಂಬ ಮಾತು ವೈದ್ಯಕೀಯ ಪತ್ರಿಕೆಗಳಿಗೆ ಬಂದುದು ಇತ್ತೀಚೆಗೆ. ಫ್ರಾನ್ಸಿನ ಬೋರ್ಡೋ ನಗರದ ವೈದ್ಯರು ೨೦೧೭ರಲ್ಲಿ ೬ ರೋಗಿಗಳ ವಿಷಯವನ್ನು ವರದಿ ಮಾಡಿದರು. ವೈದ್ಯರು ಇವರಿಗೆ ಭಂಗಿಯನ್ನು ಕೊಟ್ಟಿರಲಿಲ್ಲ. ಬೇರೆ ಸಂದರ್ಭದಲ್ಲಿ ತಾವಾಗಿಯೇ ಸೇವಿಸಿದ್ದ ರೋಗಿಗಳು, ಅದರಿಂದ ಕಾಲಿನ ಬೇನೆ ಸಂಪೂರ್ಣವಾಗಿ ನಿಂತಿತೆಂದು ತಾವಾಗಿಯೇ ಹೇಳಿದರು. ೨೦೨೦ರಲ್ಲಿ ಇನ್ನೂ ೧೨ ರೋಗಿಗಳ ಅನುಭವ ಪ್ರಕಟವಾಯಿತು. ಅವರಲ್ಲಿ ಒಬ್ಬರ ಹೊರತು ಉಳಿದವರೆಲ್ಲರೂ ಪೂರ್ಣ ಉಪಶಮನವಾಯಿತೆಂದೇ ಹೇಳಿದರು.

ಈ ಮಾತುಗಳನ್ನು ಹಗುರವಾಗಿ ಕಾಣಬಾರದು. ನಿದ್ದೆಯಿಲ್ಲದೆ ನರಳಿದವನು ನೆಮ್ಮದಿಯ ಒಂದು ರಾತ್ರಿಯನ್ನು ಕಂಡೆನೆಂದು ಹೇಳಿದರೆ ಅದು ಗೌರವಕ್ಕೆ ಅರ್ಹವಾದ ಮಾತು. ಮೇಲಾಗಿ, ಭಂಗಿಯು ಹೇಗೆ ಕೆಲಸ ಮಾಡಬಹುದೆಂಬುದಕ್ಕೆ ಒಂದು ದಾರಿಯೂ ಕಾಣುತ್ತದೆ. ಭಂಗಿಯ ಅಮಲಿನ ಸಾರವನ್ನು ಇಸ್ರೇಲಿನ ಮೆಕೌಲಂ ಮತ್ತು ಗವೋನಿ ೧೯೬೪ರಲ್ಲಿ ಬೇರ್ಪಡಿಸಿದರು. ಅದರ ಹೆಸರಿನ ಮೊದಲಕ್ಷರಗಳಿಂದ ಅದನ್ನು ಟಿ.ಎಚ್.ಸಿ. ಎನ್ನುತ್ತಾರೆ. ಅದು ಬಂದು ಕೂಡುವ ಗ್ರಾಹಕಗಳು ಮಿದುಳಿನಲ್ಲಿವೆಯೆಂದು ೧೯೮೮ರಲ್ಲಿ ತಿಳಿಯಿತು. ಬೀಗವಿದ್ದ ಮೇಲೆ ಮನೆಯ ಕೀಲಿಕೈಯೂ ಇರಲೇಬೇಕಷ್ಟೆ. ಅದೇ ಗ್ರಾಹಕಕ್ಕೆ ಹೊಂದುವ, ನಮ್ಮ ದೇಹವೇ ತಯಾರಿಸುವ ಒಂದು ವಸ್ತುವು ೧೯೯೨ರಲ್ಲಿ ಸಿಕ್ಕಿತು. ಅದಕ್ಕೆ ಸಂಸ್ಕೃತದ ‘ಆನಂದ’ ಶಬ್ದದಿಂದಲೇ ಆನಂದಮೈಡ್ ಎಂದು ಹೆಸರಿಟ್ಟರು. ಚಲನೆಯನ್ನು ನಿಯಂತ್ರಿಸುವ, ಡೋಪಮೀನ್ ಕೆಲಸ ಮಾಡುವ ಮಿದುಳಿನ ಭಾಗಗಳಲ್ಲಿಯೇ ಈ ಗ್ರಾಹಕಗಳು ದಟ್ಟವಾಗಿವೆ.

ಆದರೆ ಹೀಗಾಗಬಹುದು ಎಂಬುದು ಬೇರೆ. ಹೀಗಾಗಿದೆ ಎಂಬುದು ಬೇರೆ. ದಾರಿಯಿದೆಯೆಂದ ಮಾತ್ರಕ್ಕೆ ಬಸ್ಸು ಬಂದಿದೆಯೆಂದು ಅರ್ಥವಲ್ಲ.

ಅನುಭವವು ನಮ್ಮನ್ನು ತಪ್ಪು ದಾರಿಗೆ ಎಳೆಯುವ ಬಗೆಗಳು

ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು ಎಂಬ ಗಾದೆಯನ್ನು ಎಲ್ಲರೂ ಬಲ್ಲರು. ಮದ್ದು ತೆಗೆದುಕೊಂಡುದಕ್ಕೂ ಬೇನೆ ಇಳಿದುದಕ್ಕೂ ಇರುವ ಸಂಬಂಧವು ಇಂಥದೇ ಆಗಿರಬಹುದು. ಅದು ಹೇಗೆಂಬುದನ್ನು ಒಂದೊಂದಾಗಿ ನೋಡೋಣ.

ಮೊದಲನೆಯದಾಗಿ, ಈ ಬೇನೆಯು ದಿನದಿನಕ್ಕೆ ಏರಿಳಿಯುತ್ತದೆ. ಅದು ಏರಿದ ದಿನವೇ ರೋಗಿಯು ಹೊಸ ಮದ್ದನ್ನು ಹುಡುಕುತ್ತಾನೆ. ಅಲೆಯು ನೆತ್ತಿಯನ್ನು ಮುಟ್ಟಿದ ಮೇಲೆ ಇಳಿಯುವುದು ಸಹಜ. ಆ ಹೊತ್ತಿಗೆ ಯಾವ ಮದ್ದು ಕೈಯಲ್ಲಿದ್ದರೂ ಇಳಿತದ ಕೀರ್ತಿ ಅದಕ್ಕೇ ಸಲ್ಲುತ್ತದೆ.

ಎರಡನೆಯದಾಗಿ, ನಿರೀಕ್ಷೆಯೇ ಒಂದು ಮದ್ದು. ಮದ್ದಿನಂತೆಯೇ ಕಾಣುವ, ಆದರೆ ಒಳಗೆ ಯಾವ ಮದ್ದೂ ಇಲ್ಲದ ಗುಳಿಗೆಯನ್ನು ಹುಸಿಮದ್ದು ಎನ್ನೋಣ. ಕಾಲಿನ ಚಡಪಡಿಕೆಯನ್ನು ಕುರಿತ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ಲೆಕ್ಕಹಾಕಿದ ಒಂದು ಅಧ್ಯಯನವು ೨೦೦೮ರಲ್ಲಿ ಪ್ರಕಟವಾಯಿತು. ಹುಸಿಮದ್ದು ನುಂಗಿದವರಲ್ಲಿಯೂ ಶೇಕಡ ಸುಮಾರು ೪೦ ಮಂದಿಗೆ ಗುಣ ಕಂಡಿತ್ತೆಂದು ಅದು ತೋರಿಸಿತು! ಇಲ್ಲಿ ಡೋಪಮೀನಿನ ಪಾತ್ರವಿರಬಹುದೆಂಬುದು ಸ್ವಾರಸ್ಯದ ಸಂಗತಿ. ಒಳಿತನ್ನು ನಿರೀಕ್ಷಿಸುವ ಮಿದುಳಿನಲ್ಲಿ ಆ ರಾಸಾಯನಿಕವೇ ಸ್ರವಿಸುತ್ತದೆ.

ಮೂರನೆಯದಾಗಿ, ಗುಣ ಕಂಡವರು ಮಾತನಾಡುತ್ತಾರೆ, ಕಾಣದವರು ಸುಮ್ಮನಿರುತ್ತಾರೆ. ಒಂದು ಲೆಕ್ಕವನ್ನು ಹಾಕಿನೋಡಿರಿ. ೧೦೦ ಮಂದಿ ರೋಗಿಗಳು ಭಂಗಿಯನ್ನು ಸೇದಿದರೆಂದೂ, ಅದರಲ್ಲಿ ಯಾವ ಗುಣವೂ ಇಲ್ಲವೆಂದೂ ಭಾವಿಸೋಣ. ಆದಾಗ್ಯೂ ಮೇಲಿನ ಲೆಕ್ಕದಂತೆ ೪೦ ಮಂದಿಗೆ ಗುಣ ಕಾಣುವುದು. ಅವರಲ್ಲಿ ೧೫ ಮಂದಿ ಉತ್ಸಾಹದಿಂದ ವೈದ್ಯನಿಗೆ ಹೇಳುತ್ತಾರೆ. ಉಳಿದ ೬೦ ಮಂದಿ ಗುಣವಾಗಲಿಲ್ಲವೆಂದು ಬಿಟ್ಟುಬಿಡುತ್ತಾರೆ, ಸೇದಿದುದನ್ನು ಬಾಯಿಬಿಡುವುದಿಲ್ಲ. ವೈದ್ಯನ ಕಿವಿಗೆ ಬಿದ್ದ ಸಾಕ್ಷ್ಯವೇನು? ೧೫ಕ್ಕೆ ೧೫ ಗೆಲವು! ಹೇಳಿದವರಲ್ಲಿ ಒಬ್ಬನೂ ಸುಳ್ಳು ಹೇಳಿಲ್ಲ. ಆದರೂ ಒಟ್ಟು ಚಿತ್ರವು ಸುಳ್ಳು.

ನಾಲ್ಕನೆಯದಾಗಿ, ಭಂಗಿಯು ಮಂಪರು ತರುತ್ತದೆ. ಬೇನೆಯು ನಿಂತಿತೋ, ಅಥವಾ ಬೇನೆಯನ್ನು ಅರಿಯುವ ಮನಸ್ಸೇ ಮಂಕಾಯಿತೋ ಎಂಬುದನ್ನು ರೋಗಿಯು ತಾನೇ ಬೇರ್ಪಡಿಸಲಾರನು.

ಐದನೆಯದು ಪ್ರಮಾಣದ ತೊಡಕು. ಗಿಡದಿಂದ ಗಿಡಕ್ಕೆ ಸಾರದ ಅಂಶ ಬೇರೆ. ಸೇದುವವನ ಉಸಿರೆಳೆತ ಬೇರೆ. ಎಷ್ಟು ಮಿಲಿಗ್ರಾಂ ಒಳಗೆ ಹೋಯಿತೆಂಬುದೇ ತಿಳಿಯದ ಮೇಲೆ ಒಬ್ಬನ ಅನುಭವವನ್ನು ಮತ್ತೊಬ್ಬನಿಗೆ ಹೋಲಿಸುವುದು ಹೇಗೆ?

ಅಳತೆಯ ಮಾರ್ಗ

ಹಾಗಾದರೆ ಸತ್ಯವನ್ನು ತಿಳಿಯುವ ಉಪಾಯವೇನು? ಭೌತವಿಜ್ಞಾನದ ಪ್ರಯೋಗಶಾಲೆಯಲ್ಲಿ ಕಲಿತ ನಿಯಮವೇ ಇಲ್ಲಿಯೂ ಸಲ್ಲುತ್ತದೆ: ಒಂದನ್ನು ಮಾತ್ರ ಬದಲಿಸು, ಉಳಿದುದೆಲ್ಲವನ್ನೂ ಸಮವಾಗಿಡು, ಆಮೇಲೆ ಅಳೆ.

ರೋಗಿಗಳನ್ನು ಚೀಟಿಯೆತ್ತಿ ಎರಡು ಗುಂಪುಗಳಾಗಿ ಹಂಚುತ್ತಾರೆ. ಒಂದು ಗುಂಪಿಗೆ ಗೊತ್ತಾದ ಪ್ರಮಾಣದ ಮದ್ದು, ಇನ್ನೊಂದಕ್ಕೆ ಹುಸಿಮದ್ದು. ಯಾರಿಗೆ ಯಾವುದೆಂಬುದು ರೋಗಿಗೂ ತಿಳಿಯದು, ಕೊಡುವ ವೈದ್ಯನಿಗೂ ತಿಳಿಯದು. ಇದೇ ಮರೆಪ್ರಯೋಗ. ಬೇನೆಯ ಏರಿಳಿತ, ನಿರೀಕ್ಷೆಯ ಬಲ, ಇವು ಎರಡು ಗುಂಪುಗಳಿಗೂ ಸಮಾನ. ಆದುದರಿಂದ ಕೊನೆಗೆ ಉಳಿಯುವ ವ್ಯತ್ಯಾಸವು ಮದ್ದಿನದು.

ಅಳತೆಯೂ ಎರಡು ಬಗೆಯದು. ರೋಗಿಯ ಮಾತನ್ನೇ ಅಂಕಿಗೆ ಇಳಿಸುವುದು ಒಂದು. ಇದಕ್ಕಾಗಿ ೧೦ ಪ್ರಶ್ನೆಗಳ ಒಂದು ಪಟ್ಟಿಯು ೨೦೦೩ರಲ್ಲಿ ಪ್ರಕಟವಾಗಿ ಬಳಕೆಗೆ ಬಂದಿತು. ಪ್ರತಿಯೊಂದಕ್ಕೂ ೦ಯಿಂದ ೪ರವರೆಗೆ ಅಂಕ, ಒಟ್ಟು ೪೦. ೩೦ನ್ನು ದಾಟಿದರೆ ಬೇನೆಯು ಅತಿ ತೀವ್ರ. ಇನ್ನೊಂದು, ರೋಗಿಯು ನಿದ್ರಿಸುತ್ತಿರುವಾಗ ಉಪಕರಣವು ಬರೆದುಕೊಳ್ಳುವ ಅಳತೆ. ಈ ರೋಗಿಗಳಲ್ಲಿ ಬಹುಮಂದಿಯ ಕಾಲುಗಳು ನಿದ್ರೆಯಲ್ಲಿಯೂ ತಾಳಬದ್ಧವಾಗಿ ಜಗ್ಗುತ್ತವೆ. ಅರ್ಧ ಸೆಕೆಂಡಿನಿಂದ ೧೦ ಸೆಕೆಂಡುಗಳವರೆಗೆ ಒಂದೊಂದು ಜಗ್ಗು. ಜಗ್ಗಿನಿಂದ ಜಗ್ಗಿಗೆ ಸಾಮಾನ್ಯವಾಗಿ ೨೦–೪೦ ಸೆಕೆಂಡುಗಳ ಅಂತರ. ಸ್ನಾಯುಗಳ ವಿದ್ಯುತ್ತನ್ನು ದಾಖಲಿಸುವ ಯಂತ್ರದಿಂದಲೋ, ಕಾಲಿನ ಗಿಣ್ಣಿಗೆ ಕಟ್ಟಿದ ವೇಗೋತ್ಕರ್ಷಮಾಪಕದಿಂದಲೋ ಇವನ್ನು ಎಣಿಸಬಹುದು. ನಿಮ್ಮ ಕೈಯಲ್ಲಿನ ಮೊಬೈಲ್ ಫೋನನ್ನು ಅಡ್ಡ ಹಿಡಿದಾಗ ಅದರ ಚಿತ್ರವೂ ಅಡ್ಡವಾಗುವುದು ಇಂಥ ಮಾಪಕದ ಪುಟ್ಟ ತುಣುಕಿನಿಂದಲೇ.

ಈ ಎರಡನೆಯ ಅಳತೆಯ ಮಹತ್ವವು ಹುಸಿಮದ್ದಿನ ಆ ೨೦೦೮ರ ಅಧ್ಯಯನದಲ್ಲಿಯೇ ತಿಳಿದುಬಂದಿತು. ಹುಸಿಮದ್ದು ರೋಗಿಗಳ ಅಂಕಗಳನ್ನು ಬಹಳ ಇಳಿಸಿದರೂ ನಿದ್ರೆಯಲ್ಲಿನ ಜಗ್ಗುಗಳ ಎಣಿಕೆಯನ್ನು ಹೆಚ್ಚಾಗಿ ಇಳಿಸಲಿಲ್ಲ. ನಿದ್ರಿಸುವ ಕಾಲಿಗೆ ನಿರೀಕ್ಷೆಯೆಂಬುದಿಲ್ಲವಷ್ಟೆ! ಹಾಗೆಂದು ಜಗ್ಗುಗಳ ಎಣಿಕೆಯೊಂದೇ ಸಾಲದು. ಜಗ್ಗುಗಳು ಇಳಿದರೂ ರೋಗಿಯು ನರಳುತ್ತಿದ್ದರೆ ಆ ಮದ್ದಿನಿಂದ ಅವನಿಗೇನು ಪ್ರಯೋಜನ? ಎರಡು ಸಾಕ್ಷಿಗಳೂ ಬೇಕು. ಒಂದರ ದೋಷವನ್ನು ಇನ್ನೊಂದು ಹಿಡಿಯಬೇಕು.

ಭಂಗಿಯ ಮಟ್ಟಿಗೆ ಮರೆಪ್ರಯೋಗಕ್ಕೆ ಒಂದು ವಿಶೇಷ ತೊಡಕಿದೆ. ಅಮಲೇರಿದವನಿಗೆ ತಾನು ನಿಜಮದ್ದಿನ ಗುಂಪಿನವನೆಂದು ಗೊತ್ತಾಗಿಬಿಡುತ್ತದೆ, ಮರೆಯು ಹರಿಯುತ್ತದೆ. ಅಮಲಿಲ್ಲದ ಇನ್ನೊಂದು ಸಾರವಾದ ಕ್ಯಾನಬಿಡಯಾಲ್ ಅನ್ನು ಕೊಟ್ಟು ನೋಡಿದರೆ ಈ ತೊಡಕು ಬಹಳ ಮಟ್ಟಿಗೆ ತಪ್ಪುತ್ತದೆ. ಬ್ರೆಝಿಲ್ ದೇಶದಲ್ಲಿ ಪಾರ್ಕಿನ್ಸನ್ ವ್ಯಾಧಿಯ ಜೊತೆಗೆ ಕಾಲಿನ ಚಡಪಡಿಕೆಯೂ ಇದ್ದ ಕೆಲವರಿಗೆ ಹೀಗೆ ಕೊಟ್ಟ ಒಂದು ಸಣ್ಣ ಪ್ರಯೋಗದ ಫಲವು ೨೦೨೩ರಲ್ಲಿ ಪ್ರಕಟವಾಯಿತು: ಅದು ಹುಸಿಮದ್ದಿಗಿಂತ ಮೇಲಾಗಿರಲಿಲ್ಲ. ಆದರೆ ಇದು ಸೇದುವ ಭಂಗಿಯನ್ನು ಕುರಿತ ತೀರ್ಪಲ್ಲ. ಆ ಸಾರವೇ ಬೇರೆ, ಆ ರೋಗಿಗಳೇ ಬೇರೆ. ಆದುದರಿಂದ ಇಂದು ನಾವು ನ್ಯಾಯವಾಗಿ ಹೇಳಬಹುದಾದುದು ಇಷ್ಟೆ: ಭಂಗಿಯ ಪರವಾಗಿ ಇರುವುದು ಕೆಲವು ರೋಗಿಗಳ ಬಲವಾದ ಮಾತು. ಅದು ಪ್ರಯೋಗವನ್ನು ಬೇಡುವಷ್ಟು ಬಲವಾಗಿದೆ, ಚಿಕಿತ್ಸೆಯಾಗುವಷ್ಟು ಬಲವಾಗಿಲ್ಲ.

ಮಿಶ್ರಿಕೋಟಿಯ ಹೆಣ್ಣುಮಗಳಿಗೆ ಏನು ಹೇಳೋಣ?

ಈ ವಿವೇಚನೆಯ ಪ್ರಯೋಜನವು ಬರಿಯ ಶಾಸ್ತ್ರಚರ್ಚೆಯಲ್ಲಿ ಮುಗಿಯುವುದಿಲ್ಲ. ಹೊಲದಿಂದ ಬಂದು ನಿದ್ದೆಗೆಟ್ಟ ಆ ಹೆಣ್ಣುಮಗಳಿಗೆ “ಒಂದು ದಮ್ಮು ಎಳಿ, ಕಮ್ಮಿ ಆಗತೈತಿ” ಎಂದು ಯಾರೋ ಹೇಳಿದರೆನ್ನಿ. ಆ ಮಾತನ್ನು ಕೇಳಿದರೆ ಆಕೆ ಕಳೆದುಕೊಳ್ಳುವುದೇನು?

ಮೊದಲಿಗೆ ಆಕೆ ಕಳೆದುಕೊಳ್ಳುವುದು ನಿಜವಾದ ಕಾರಣವನ್ನು. ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ೧೫ರಿಂದ ೪೯ ವರ್ಷದೊಳಗಿನ ಹೆಂಗಸರಲ್ಲಿ ಶೇಕಡ ೪೭.೮ ಮಂದಿಗೆ ರಕ್ತಹೀನತೆಯಿದೆ. ಹೆಚ್ಚುಕಡಿಮೆ ಇಬ್ಬರಲ್ಲಿ ಒಬ್ಬಳು! ಅಂಥವಳ ಕಾಲಿನ ಚಡಪಡಿಕೆಯು ಕಬ್ಬಿಣದ ಕೊರತೆಯ ಕೂಗಾಗಿರಬಹುದು. ಬೇನೆಯನ್ನು ಅಮಲಿನಲ್ಲಿ ಮುಚ್ಚಿದರೆ ಕೊರತೆಯು ಹಾಗೆಯೇ ಉಳಿಯುತ್ತದೆ. ದೇಹದಲ್ಲಿನ ಕಬ್ಬಿಣದ ದಾಸ್ತಾನನ್ನು ತೋರಿಸುವ ಫೆರಿಟಿನ್ ಎಂಬ ವಸ್ತುವನ್ನು ಒಂದು ರಕ್ತಪರೀಕ್ಷೆಯಿಂದ ಅಳೆಯಬಹುದು. ಈ ಬೇನೆಯುಳ್ಳವರಲ್ಲಿ ಅದು ಒಂದು ಲೀಟರಿಗೆ ೭೫ ಮೈಕ್ರೊಗ್ರಾಮಿಗಿಂತ ಹೆಚ್ಚಿಲ್ಲದಿದ್ದರೆ, ರಕ್ತಹೀನತೆಯು ಕಾಣದಿದ್ದರೂ, ವೈದ್ಯರು ಕಬ್ಬಿಣವನ್ನು ಕೊಡುವುದನ್ನು ಯೋಚಿಸುತ್ತಾರೆ. ಸ್ವೀಡನ್ನಿನ ನಾರ್ಡ್‌ಲಾಂಡರ್ ಎಂಬಾತನು ೧೯೫೩ರಲ್ಲಿಯೇ ರಕ್ತನಾಳದ ಮೂಲಕ ಕಬ್ಬಿಣವನ್ನು ಕೊಟ್ಟು ಗುಣ ಕಂಡಿದ್ದನು. ಅದೂ ಮೊದಲು ರೋಗಿಗಳ ಮಾತೇ ಆಗಿದ್ದಿತು. ಮುಂದೆ ಮರೆಪ್ರಯೋಗಗಳಲ್ಲಿ ತೇರ್ಗಡೆಯಾಯಿತು. ಆದರೆ ಕಬ್ಬಿಣವನ್ನು ಮನಸ್ಸಿಗೆ ಬಂದಂತೆ ನುಂಗಬಾರದು. ಹೆಚ್ಚಾದರೆ ಅದೂ ವಿಷವೇ. ಪರೀಕ್ಷೆಗೆ ಮಿಶ್ರಿಕೋಟಿಯವರು ಹುಬ್ಬಳ್ಳಿಗೆ ಹೋಗಿಬರಬಹುದು. ೧೯೫೭ರಿಂದ ಅಲ್ಲಿ ವೈದ್ಯಕೀಯ ಕಾಲೇಜಿದೆ.

ಊಟದಲ್ಲಿಯೂ ಗಮನಿಸಬೇಕಾದುದುಂಟು. ಜೋಳದ ರೊಟ್ಟಿಯಲ್ಲಿ ಕಬ್ಬಿಣವಿದ್ದರೂ ಅದರಲ್ಲಿರುವ ಫೈಟೇಟ್ ಎಂಬ ವಸ್ತು ಅದನ್ನು ದೇಹವು ಹೀರದಂತೆ ತಡೆಯುತ್ತದೆ. ಊಟದ ಜೊತೆಗೆ ನಿಂಬೆಹಣ್ಣಿನ ರಸವಿದ್ದರೆ ಹೀರಿಕೆಯು ಹೆಚ್ಚುತ್ತದೆ. ಉಂಡ ಕೂಡಲೆ ಕುಡಿಯುವ ಚಹಾ ಅದನ್ನು ತಗ್ಗಿಸುತ್ತದೆ. ನೆಗಡಿಗೆ ಕೊಡುವ, ನಿದ್ದೆ ತರಿಸುವ ಕೆಲವು ಗುಳಿಗೆಗಳೂ, ವಾಂತಿ ನಿಲ್ಲಿಸುವ ಕೆಲವು ಮದ್ದುಗಳೂ, ಖಿನ್ನತೆಗೆ ಕೊಡುವ ಹಲವು ಮದ್ದುಗಳೂ ಕಾಲಿನ ಚಡಪಡಿಕೆಯನ್ನು ಏರಿಸಬಲ್ಲುವು. ಅವನ್ನು ತಾವಾಗಿ ನಿಲ್ಲಿಸದೆ ವೈದ್ಯರಿಗೆ ತಿಳಿಸಬೇಕು.

ಇನ್ನು ಭಂಗಿಯ ಕೇಡುಗಳು. ಅದು ಎದೆಬಡಿತವನ್ನು ಏರಿಸುತ್ತದೆ. ಬಳಸುತ್ತ ಹೋದವರಲ್ಲಿ ಕೆಲವರಿಗೆ ಚಟವಾಗುತ್ತದೆ. ಬಿಟ್ಟಾಗ ನಿದ್ದೆ ಕೆಡುತ್ತದೆ. ಮಿದುಳಿನ್ನೂ ಬೆಳೆಯುತ್ತಿರುವ ಹರೆಯದವರಿಗೆ, ಅದರಲ್ಲಿಯೂ ಮನೆತನದಲ್ಲಿ ಮಾನಸಿಕ ರೋಗವಿರುವವರಿಗೆ, ಅಪಾಯವು ಹೆಚ್ಚು. ಕಾನೂನಿನ ವಿಷಯವೂ ಇದೆ. ೧೯೮೫ರ ಮಾದಕ ದ್ರವ್ಯಗಳ ಕಾಯಿದೆಯ ಪ್ರಕಾರ ಗಿಡದ ಹೂತೆನೆಯಾದ ಗಾಂಜಾವನ್ನು ಇಟ್ಟುಕೊಳ್ಳುವುದೂ, ಅಪ್ಪಣೆಯಿಲ್ಲದೆ ಗಿಡವನ್ನು ಬೆಳೆಯುವುದೂ ಶಿಕ್ಷಾರ್ಹ ಅಪರಾಧ. ತೆನೆಯಿಲ್ಲದ ಎಲೆ ಮತ್ತು ಬೀಜ ಗಾಂಜಾ ಎಂಬ ವ್ಯಾಖ್ಯೆಗೆ ಸೇರುವುದಿಲ್ಲ. ವಿಜಯಾ ಸೇರಿದ ಆಯುರ್ವೇದ ಔಷಧಗಳನ್ನು ವೈದ್ಯರ ಮೇಲ್ವಿಚಾರಣೆಯಲ್ಲಿ ಪಡೆಯಬಹುದು. ಆದರೆ ಅವು ಕಾಲಿನ ಚಡಪಡಿಕೆಗೆ ಸಿದ್ಧವಾದ ಚಿಕಿತ್ಸೆಯೆಂದು ಇದರಿಂದ ಅರ್ಥವಾಗದು. ಕಾನೂನು ಒಪ್ಪಿದುದೆಲ್ಲ ಗುಣಕಾರಿಯಲ್ಲ. ಅಂತೆಯೇ ಕಾನೂನು ತಡೆದುದೆಲ್ಲ ನಿರ್ಗುಣವೂ ಅಲ್ಲ. ವಿಶ್ವಸಂಸ್ಥೆಯ ಮಾದಕ ದ್ರವ್ಯಗಳ ಆಯೋಗವು ೨೦೨೦ರ ಡಿಸೆಂಬರಿನಲ್ಲಿ ಭಂಗಿಯನ್ನು ಅತ್ಯಂತ ಕಠಿಣವಾದ ಪಟ್ಟಿಯಿಂದ ತೆಗೆದು ಸಂಶೋಧನೆಯ ದಾರಿಯನ್ನು ಸುಗಮಗೊಳಿಸಿತು. ಭಾರತವೂ ಅದರ ಪರವಾಗಿ ಮತವಿತ್ತಿತು. ಮುಂದಿನ ತೀರ್ಪು ಅಂಥ ಸಂಶೋಧನೆಯಿಂದ ಬರಬೇಕು.

ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಈ ಗಾದೆಯು ಕಂಡುದನ್ನು ಅಲ್ಲಗಳೆಯುವುದಿಲ್ಲ. ಕಂಡುದಕ್ಕೆ ಕಾರಣವನ್ನು ಕಟ್ಟುವ ಮುನ್ನ ತಡೆಯಬೇಕೆಂದು ಹೇಳುತ್ತದೆ. “ನನ್ನ ಕಾಲು ತಣ್ಣಗಾಯಿತು” ಎಂಬುದು ರೋಗಿಯ ಅನುಭವ. ಅದರಲ್ಲಿ ಅವನಿಗೇ ಪೂರ್ಣ ಅಧಿಕಾರ. “ಇದರಿಂದಲೇ ತಣ್ಣಗಾಯಿತು” ಎಂಬುದು ಅನುಮಾನ. ಅದನ್ನು ಪರೀಕ್ಷಿಸುವ ಅಧಿಕಾರ ಎಲ್ಲರಿಗೂ ಉಂಟು. ನಿಮ್ಮ ಮನೆಯಲ್ಲಿ ತಾಯಿಯೋ ಅಜ್ಜಿಯೋ ರಾತ್ರಿ ಕಾಲು ತಾಳದೆ ಎದ್ದು ಅಡ್ಡಾಡುತ್ತಿದ್ದರೆ, ಅವರ ಮಾತನ್ನು ದಣಿವೆಂದು ತಳ್ಳಿಹಾಕದೆ ಗಮನವಿಟ್ಟು ಕೇಳಿರಿ. ಯಾವ ಹೊತ್ತಿಗೆ ಆರಂಭ, ನಡೆದರೆ ಇಳಿಯುವುದೆ, ಬೇರೆ ಯಾವ ಮದ್ದು ನಡೆದಿದೆ ಎಂಬುದನ್ನು ಎರಡು ವಾರ ಬರೆದಿಟ್ಟುಕೊಂಡು ಅವರನ್ನು ವೈದ್ಯರ ಬಳಿಗೆ ಕರೆದೊಯ್ಯಿರಿ. ರಕ್ತದಲ್ಲಿನ ಕಬ್ಬಿಣವನ್ನು ಪರೀಕ್ಷಿಸಬೇಕೆ ಎಂದು ಕೇಳಿರಿ.